ಹಕ್ಕಿ ಓಡಿಸುವ ಮುನ್ನ ಒಂದು ಗಂಟೆ ನೋಡಿ

ಮುಳಬಾಗಿಲು ತಾಲ್ಲೂಕಿನ ಟೊಮೇಟೊ ಬೆಳೆಗಾರರೊಬ್ಬರು ಒಂದು ಬೆಳಿಗ್ಗೆ ರೈತ ಸಂಪರ್ಕ ಕೇಂದ್ರಕ್ಕೆ ಬಂದು, “ಸಾರ್, ಹಕ್ಕಿಗೆ ಯಾವ್ದಾನ ಔಷಧಿ ಬರೆದುಕೊಡಿ. ಕಾಯಿ ಒಂದೂ ಉಳಿಸ್ತಾ ಇಲ್ಲ” ಎಂದರು. ಯಾವ ಹಕ್ಕಿ ಎಂದು ಕೇಳಿದೆ. “ಅದೇ ಸಾರ್, ಹಕ್ಕಿ. ಕಪ್ಪಗೊಂದು, ಕಂದಾಗೊಂದು. ಬೆಳಕು ಹರಿಯೋಕ್ಕೆ ಮುಂಚೆ ಬಂದುಬಿಡ್ತವೆ” ಎಂದರು. ರೋಗಕ್ಕೆ ಔಷಧಿ ಕೇಳುವಾಗ ಎಲೆ ಕಿತ್ತು ತರುವ ರೈತರು, ಹುಳುವಿಗೆ ಔಷಧಿ ಕೇಳುವಾಗ ಹುಳುವನ್ನೇ ಬೆಂಕಿಪೊಟ್ಟಣದಲ್ಲಿ ಹಾಕಿ ತರುವ ರೈತರು, ಹಕ್ಕಿಯ ವಿಷಯ ಬಂದಾಗ ಮಾತ್ರ ಹೆಸರನ್ನೂ ತರುವುದಿಲ್ಲ.

ಮಾತನಾಡುತ್ತಾ ಹೋದಂತೆ ಇನ್ನೊಂದು ಸಂಗತಿ ಹೊರಬಿತ್ತು. ಹರಳು ರೂಪದ ಕೀಟನಾಶಕವನ್ನು ಅಕ್ಕಿ ನುಚ್ಚಿಗೆ ಬೆರೆಸಿ ಬದುವಿನ ಮೇಲೆ ಎರಚಲು ಅವರು ಆಗಲೇ ತಂದಿಟ್ಟುಕೊಂಡಿದ್ದರು. “ಯಜಮಾನರೇ, ಒಂದು ದಿನ ತಡೆಯಿರಿ. ನಾಳೆ ಬೆಳಿಗ್ಗೆ ಬರುತ್ತೇನೆ, ಇಬ್ಬರೂ ಕೂತು ನೋಡೋಣ” ಎಂದೆ. ಅವರು ಒಪ್ಪಿದ್ದು ಅರೆಮನಸ್ಸಿನಿಂದಲೇ.

ಮರುದಿನ ಆರು ಗಂಟೆಗೆ ಬದುವಿನ ಹೊಂಗೆ ಮರದ ಕೆಳಗೆ ಕುಳಿತೆವು. ಮೊದಲು ಬಂದದ್ದು ಗೊರವಂಕಗಳು. ಅವು ಸಾಲುಗಳ ನಡುವೆ ನೆಲದ ಮೇಲೆ ನಡೆದಾಡುತ್ತಾ ಮಣ್ಣು ಕೆದಕಿ ಏನನ್ನೋ ಹೆಕ್ಕುತ್ತಿದ್ದವು. ಪಂಪ್‌ಸೆಟ್ಟಿನ ತಂತಿಯ ಮೇಲೆ ಎರಡು ಕಾಜಾಣಗಳು ಕುಳಿತು, ಹಾರಿ ಬಂದು ಹುಳು ಹಿಡಿದು ಮತ್ತೆ ಅಲ್ಲಿಗೇ ಹೋಗುತ್ತಿದ್ದವು. ಪಿಕಳಾರಗಳು ಮಾತ್ರ ಲಾಂಟಾನ ಬೇಲಿಯಿಂದ ಇಳಿದು, ಬೇಲಿಯ ಪಕ್ಕದ ಎರಡು ಸಾಲುಗಳಲ್ಲಿ ಕೆಂಪಾದ ಹಣ್ಣನ್ನು ಕುಕ್ಕಿದವು. ಒಂದು ಗಂಟೆಯಲ್ಲಿ ಒಂದೂ ಹಕ್ಕಿ ಹೊಲದ ನಡುವಿನ ಹಸಿರು ಕಾಯಿಯನ್ನು ಮುಟ್ಟಲಿಲ್ಲ.

ಎದ್ದು ಹೋಗಿ ಕಾಯಿಗಳನ್ನು ಪರೀಕ್ಷಿಸಿದೆವು. ಬೇಲಿಯ ಪಕ್ಕದ ಹಣ್ಣುಗಳ ಗಾಯ ಹರಿದಂತೆ, ಅಂಚು ಅಂಕುಡೊಂಕಾಗಿ ಇತ್ತು. ಅದು ಹಕ್ಕಿಯ ಕೊಕ್ಕಿನ ಗುರುತು. ನಡುಹೊಲದ ಹಸಿರು ಕಾಯಿಗಳಲ್ಲಿ ಗುಂಡಗಿನ, ಅಂಚು ನುಣುಪಾದ ತೂತಿತ್ತು. ಚಾಕುವಿನಿಂದ ಸೀಳಿದಾಗ ಒಳಗೆ ಹಿಕ್ಕೆ ತುಂಬಿತ್ತು, ಹುಳುವೂ ಇತ್ತು. ಅದು ಕಾಯಿಕೊರಕದ ಕೆಲಸ. ಹೆಚ್ಚಿನ ನಷ್ಟ ನಡುಹೊಲದಲ್ಲೇ ಆಗಿತ್ತು. ಕಳ್ಳ ಕಾಯಿಯ ಒಳಗಿದ್ದ; ಪೆಟ್ಟು ಬೀಳಬೇಕಾಗಿದ್ದುದು ಅವನನ್ನು ಹಿಡಿಯುವವನಿಗೆ. ಯಜಮಾನರು ಬಹಳ ಹೊತ್ತು ಮಾತನಾಡಲಿಲ್ಲ.

ಹಕ್ಕಿಗಳನ್ನು ತಿಳಿಯುವುದು ಬಿಡುವಿದ್ದವರ ಹವ್ಯಾಸ ಎಂಬ ಭಾವನೆ ನಮ್ಮಲ್ಲಿದೆ. ಅದು ಸರಿಯಲ್ಲ. ಬೆಳೆಯ ಲಾಭನಷ್ಟದ ಲೆಕ್ಕದಲ್ಲಿ ಹಕ್ಕಿಯೂ ಒಂದು ಬಾಬತ್ತು. ಆ ಲೆಕ್ಕವನ್ನು ಸರಿಯಾಗಿ ಹಾಕಲು ವಿಜ್ಞಾನ, ಓದು ಮತ್ತು ನಮ್ಮ ಸ್ವಂತ ಕಣ್ಣು ಈ ಮೂರೂ ಬೇಕಾಗುತ್ತವೆ.

ವಿಜ್ಞಾನ ಕಂಡುಕೊಂಡದ್ದು

ಹಕ್ಕಿ ರೈತನ ಮಿತ್ರನೋ ಶತ್ರುವೋ ಎಂಬ ಪ್ರಶ್ನೆಯನ್ನು ನಮ್ಮ ದೇಶದಲ್ಲಿ ನೂರು ವರ್ಷಕ್ಕೂ ಹಿಂದೆಯೇ ಶಾಸ್ತ್ರೀಯವಾಗಿ ಪರಿಶೀಲಿಸಲಾಯಿತು. ಬಿಹಾರದ ಪೂಸಾದಲ್ಲಿದ್ದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮೇಸನ್ ಎಂಬುವರು ಹಕ್ಕಿಗಳ ಜಠರವನ್ನು ಬಿಡಿಸಿ, ಅದರೊಳಗೆ ಕಾಳೆಷ್ಟು, ಹುಳುವೆಷ್ಟು, ಅದರಲ್ಲಿ ಬೆಳೆಗೆ ಕೇಡು ಮಾಡುವ ಹುಳು ಯಾವುದು ಎಂದು ಪಟ್ಟಿ ಮಾಡಿದರು. ಕೀಟಶಾಸ್ತ್ರಜ್ಞ ಮ್ಯಾಕ್ಸ್‌ವೆಲ್ ಲೆಫ್ರಾಯ್ ಅವರೊಂದಿಗೆ ಸೇರಿ ಭಾರತದ ಹಕ್ಕಿಗಳ ಆಹಾರದ ಬಗ್ಗೆ ಆ ವರದಿಯನ್ನು 1912ರಲ್ಲಿ ಪ್ರಕಟಿಸಿದರು. ಊಹೆಯಿಂದ ಹೇಳುವುದನ್ನು ಬಿಟ್ಟು ಹೊಟ್ಟೆಯನ್ನೇ ಕೇಳಿದ ಪ್ರಯತ್ನ ಅದು.

ಅಂಥ ಅಧ್ಯಯನಗಳಿಂದ ತಿಳಿದ ಮುಖ್ಯ ಅಂಶವೆಂದರೆ, ಹಕ್ಕಿಗಳನ್ನು ಒಟ್ಟಾಗಿ ಒಳ್ಳೆಯವು ಅಥವಾ ಕೆಟ್ಟವು ಎನ್ನಲಾಗದು. ಕಾಜಾಣ, ನೀಲಕಂಠ, ಚಂದ್ರಮುಕುಟ ಇವು ಬಹುಪಾಲು ಕೀಟಗಳನ್ನೇ ತಿಂದು ಬದುಕುವಂಥವು. ಗಿಳಿ ತಿನ್ನುವುದಕ್ಕಿಂತ ಹೆಚ್ಚು ಕಡಿದು ಬಿಸಾಡುವ ಹಕ್ಕಿ. ಗೊರವಂಕ, ಗುಬ್ಬಚ್ಚಿ, ಗೀಜಗ ಇವು ನಡುವಿನವು. ಗೀಜಗ ರಾಗಿ, ಭತ್ತದ ತೆನೆಗೆ ಇಳಿಯುವುದು ನಿಜ. ಆದರೆ ಮರಿಗಳಿಗೆ ಅದು ಗುಟುಕು ಕೊಡುವುದು ಹುಳುಗಳನ್ನು. ಒಂದೇ ಹಕ್ಕಿ ಒಂದು ತಿಂಗಳು ನಮ್ಮ ಆಳು, ಇನ್ನೊಂದು ತಿಂಗಳು ನಮ್ಮ ಪಾಲುದಾರ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಚೀನಾ ದೇಶದ ಉದಾಹರಣೆ ಇದೆ. 1958ರಲ್ಲಿ ಅಲ್ಲಿ ಗುಬ್ಬಚ್ಚಿಗಳನ್ನು ಧಾನ್ಯದ ಶತ್ರುಗಳೆಂದು ಸಾರಿ, ಊರೂರಲ್ಲಿ ತಮಟೆ, ತಟ್ಟೆ ಬಡಿದು, ಕೂರಲು ಬಿಡದೆ ಕೊಂದರು. ಹುಳುಗಳ ಹಾವಳಿ ಏರಿದ ಮೇಲೆ 1960ರಲ್ಲಿ ಗುಬ್ಬಚ್ಚಿಯನ್ನು ಆ ಪಟ್ಟಿಯಿಂದ ತೆಗೆಯಬೇಕಾಯಿತು.

ಓದು ಕೊಡುವ ನೆರವು

ಹಕ್ಕಿಗಳ ಬಗ್ಗೆ ಓದುವವರಿಗೆ ಡಾ. ಸಲೀಂ ಅಲಿ (1896–1987) ಅವರ ಹೆಸರು ಗೊತ್ತಿರುತ್ತದೆ. ಬಾಲ್ಯದಲ್ಲಿ ಆಟದ ಬಂದೂಕಿನಿಂದ ಒಂದು ಗುಬ್ಬಚ್ಚಿಯನ್ನು ಹೊಡೆದಾಗ ಅದರ ಗಂಟಲಿನಲ್ಲಿ ಹಳದಿ ಕಲೆ ಕಂಡಿತಂತೆ. ಇದ್ಯಾವ ಗುಬ್ಬಿ ಎಂದು ಕೇಳಿಕೊಂಡು ಅವರು ಮುಂಬಯಿಯ ನಿಸರ್ಗ ಚರಿತ್ರೆ ಸಂಘದ ಬಾಗಿಲಿಗೆ ಹೋದರು. ಆ ಒಂದು ಪ್ರಶ್ನೆ ಅವರ ಇಡೀ ಜೀವನದ ಕೆಲಸವಾಯಿತು. ಅವರ ಪ್ರಸಿದ್ಧ ಭಾರತೀಯ ಹಕ್ಕಿಗಳ ಪುಸ್ತಕ 1941ರಲ್ಲಿ ಹೊರಬಂತು. ಅದಕ್ಕೆ ಮುಂಚೆ, 1939–40ರಲ್ಲಿ ಅವರು ಹಳೆಯ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ನಮ್ಮ ಕೋಲಾರವೂ ಆಗ ಆ ಸಂಸ್ಥಾನಕ್ಕೇ ಸೇರಿತ್ತು.

ಕನ್ನಡದಲ್ಲಿ ಓದಬಯಸುವವರಿಗೆ ಪೂರ್ಣಚಂದ್ರ ತೇಜಸ್ವಿ (1938–2007) ಅವರು ಕನ್ನಡ ನಾಡಿನ ಹಕ್ಕಿಗಳನ್ನು ಕುರಿತು ಬರೆದ ಪುಸ್ತಕಗಳಿವೆ. ಅವರು ಮೂಡಿಗೆರೆಯ ತೋಟಗಾರರೂ ಆಗಿದ್ದರು ಎಂಬುದನ್ನು ರೈತರು ನೆನಪಿಡಬೇಕು. ಈಚೆಗೆ ಮೊಬೈಲಿನಲ್ಲಿ ಹಕ್ಕಿಯ ಚಿತ್ರ ಅಥವಾ ಕೂಗನ್ನು ಕೊಟ್ಟರೆ ಹೆಸರು ಹೇಳುವ ಸೌಕರ್ಯವೂ ಬಂದಿದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಈ ಕೆಲಸವನ್ನು ಅವರಿಗೇ ವಹಿಸಬಹುದು.

ಓದಿಗೆ ಊರಿನ ಹಿರಿಯರ ಮಾತನ್ನೂ ಸೇರಿಸಿಕೊಳ್ಳಬೇಕು. ನಮ್ಮದು ಎರಡು ಭಾಷೆಯ ಸೀಮೆ. ಮಾಲೂರಿನಲ್ಲಿ ಗುಬ್ಬಚ್ಚಿಯಾದದ್ದು ಶ್ರೀನಿವಾಸಪುರದ ತೆಲುಗು ಮನೆಗಳಲ್ಲಿ ಪಿಚ್ಚುಕ. ಇಲ್ಲಿನ ನೀಲಕಂಠ ಅಲ್ಲಿ ಪಾಲಪಿಟ್ಟ. ಬೆಳ್ಳಕ್ಕಿ ಅಲ್ಲಿ ಕೊಂಗ. ಹೆಸರು ಯಾವುದಾದರೂ ಸರಿ, ಆ ಹೆಸರಿನ ಹಕ್ಕಿ ಯಾವುದೆಂದು ತೋರಿಸಬಲ್ಲವರು ಪ್ರತಿ ಊರಿನಲ್ಲೂ ಇಬ್ಬರು ಮೂವರು ಇರುತ್ತಾರೆ. ಕುರಿ ಕಾಯುವವರು ಅದರಲ್ಲಿ ಮುಂದು.

ಹಿರಿಯರ ಮಾತಿನಲ್ಲಿ ತಿಳಿವಳಿಕೆಯೂ ಇರುತ್ತದೆ, ಭಯವೂ ಬೆರೆತಿರುತ್ತದೆ. ಬುಡುಬುಡಿಕೆಯವನ ಬಾಯಲ್ಲಿ ಬರುವ ಹಾಲಕ್ಕಿ ಎಂದರೆ ಒಂದು ಸಣ್ಣ ಚುಕ್ಕೆ ಗೂಬೆ. ಗೂಬೆ ಮನೆಯ ಮೇಲೆ ಕೂತರೆ ಕೇಡು ಎಂದು ಕಲ್ಲು ಹೊಡೆಯುತ್ತಾರೆ. ಆದರೆ ಕಣಜದ ಸುತ್ತ, ಕಡ್ಲೆಕಾಯಿ ಹೊಲದ ಬದುವಿನಲ್ಲಿ ಇಲಿ ಹಿಡಿಯುವ ಕೆಲಸದಲ್ಲಿ ಕಣಜ ಗೂಬೆಗೆ ಸಮನಾದವರು ಯಾರೂ ಇಲ್ಲ. ಕೂಲಿ ಕೇಳದೆ ರಾತ್ರಿ ಪಾಳಿ ಮಾಡುವ ಆಳನ್ನು ಕಲ್ಲು ಹೊಡೆದು ಓಡಿಸುವುದು ಯಾವ ನ್ಯಾಯ?

ಹಾಗೆಯೇ ಚಾತಕ ಬಂದರೆ ಮಳೆ ಬಂತು ಎನ್ನುವ ಮಾತು. ನಾವು ಗಮನಿಸಬೇಕಾದ್ದು ಇನ್ನೊಂದಿದೆ. ಮೊದಲ ಮಳೆಯ ನಂತರ ಕಡ್ಲೆಕಾಯಿ ಹೊಲಗಳಿಗೆ ಕಂಬಳಿ ಹುಳು ಬೀಳುತ್ತದೆ. ಮೈತುಂಬ ಕೂದಲಿರುವ ಆ ಹುಳುವನ್ನು ಹೆಚ್ಚಿನ ಹಕ್ಕಿಗಳು ಮುಟ್ಟುವುದಿಲ್ಲ. ಚಾತಕ ಅಂಥ ಹುಳುವನ್ನೇ ಹುಡುಕಿ ತಿನ್ನುವ ಹಕ್ಕಿ. ಅದು ಮೊಟ್ಟೆ ಇಡುವುದು ಹರಟೆಮಲ್ಲನ ಗೂಡಿನಲ್ಲಿ. ಹರಟೆಮಲ್ಲನಿಗೆ ಗೂಡು ಕಟ್ಟಲು ಬದುವಿನಲ್ಲಿ ಪೊದೆ ಬೇಕು. ಬದುವನ್ನು ಬೋಳಿಸಿ ಬೆಂಕಿ ಇಟ್ಟರೆ ಕೊಂಡಿ ಎಲ್ಲಿ ಕಳಚುತ್ತದೆ ಎಂಬುದನ್ನು ರೈತರೇ ಯೋಚಿಸಬೇಕು.

ಶ್ರೀನಿವಾಸಪುರದ ಮಾವು ಮತ್ತು ಬದನಿಕೆ

ಓದು ಮತ್ತು ನೋಟ ಎರಡೂ ಒಟ್ಟಿಗೆ ಕೂಡಿದಾಗ ಎಷ್ಟು ಪ್ರಯೋಜನ ಎಂಬುದಕ್ಕೆ ಮಾವಿನ ತೋಪು ಒಳ್ಳೆಯ ಪಾಠ. ಶ್ರೀನಿವಾಸಪುರದ ಹಳೆಯ ತೋಪುಗಳಲ್ಲಿ ಬದನಿಕೆ ಹತ್ತಿದ ಮರಗಳು ಬೇಕಾದಷ್ಟಿವೆ. ಬದನಿಕೆಗೆ ತನ್ನದೇ ಹಸಿರೆಲೆ ಇದೆ. ಆದರೆ ನೀರು ಮತ್ತು ಲವಣಾಂಶವನ್ನು ಮಾವಿನ ಕೊಂಬೆಯಿಂದ ಹೀರುತ್ತದೆ. ಕ್ರಮೇಣ ಅದರಿಂದಾಚೆಗಿನ ಕೊಂಬೆ ಒಣಗುತ್ತದೆ, ಫಸಲು ಇಳಿಯುತ್ತದೆ.

ಈ ಗಿಡ ಮರದ ಮೇಲಕ್ಕೆ ಹತ್ತಿದ್ದು ಹೇಗೆ? ಬದನಿಕೆ ಹಕ್ಕಿ ಎಂಬ, ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಹಕ್ಕಿಯೊಂದಿದೆ. ನಮ್ಮ ದೇಶದ ಅತಿ ಚಿಕ್ಕ ಹಕ್ಕಿಗಳಲ್ಲಿ ಅದೂ ಒಂದು. ಅದು ಬದನಿಕೆಯ ಹಣ್ಣು ನುಂಗುತ್ತದೆ. ಕೆಲವೇ ನಿಮಿಷಗಳಲ್ಲಿ ಬೀಜ ಹೊರಬರುತ್ತದೆ. ಬೀಜಕ್ಕೆ ಅಂಟು ಇರುವುದರಿಂದ ಹಕ್ಕಿ ತನ್ನ ಹಿಂಭಾಗವನ್ನು ಕೊಂಬೆಗೆ ಉಜ್ಜಿ ಬಿಡಿಸಿಕೊಳ್ಳುತ್ತದೆ. ಬೀಜ ಅಲ್ಲೇ ಅಂಟಿ ಮೊಳೆಯುತ್ತದೆ. ಬದನಿಕೆಯ ಹೂವಿಗೆ ಪರಾಗಸ್ಪರ್ಶ ಮಾಡಿಸುವಲ್ಲಿ ಸೂರಕ್ಕಿಯದೂ ಪಾತ್ರವಿದೆ. ಈ ವ್ಯವಹಾರವನ್ನು ಸಲೀಂ ಅಲಿಯವರು ಕೊಂಕಣದಲ್ಲಿ ಕುಳಿತು ನೋಡಿ 1931ರಲ್ಲಿ ಬರೆದರು. ನಾನು ಅದನ್ನು ಓದಿದ ಮೇಲೆ ಶ್ರೀನಿವಾಸಪುರದ ಒಂದು ತೋಪಿನಲ್ಲಿ ಬದನಿಕೆಯ ಎದುರು ಕಾದು ಕುಳಿತೆ. ಮೂರನೆಯ ದಿನ ಹಕ್ಕಿ ಕೊಂಬೆಗೆ ಹಿಂಭಾಗ ಉಜ್ಜುವುದನ್ನು ಕಣ್ಣಾರೆ ಕಂಡೆ. ಹತ್ತಿರ ಹೋದಾಗ ಬೀಜ ದಾರದಂತೆ ಅಂಟಿಕೊಂಡಿತ್ತು.

ಹಾಗಾದರೆ ಹಕ್ಕಿಯನ್ನು ಕೊಲ್ಲಬೇಕೇ? ಬೇಡ. ಆ ಹಕ್ಕಿಯನ್ನು ಕರೆಯುತ್ತಿರುವುದು ನಮ್ಮದೇ ಮರದಲ್ಲಿ ಹಣ್ಣಾಗಲು ಬಿಟ್ಟ ಬದನಿಕೆ. ಕೊಯ್ಲು ಮುಗಿದ ಕೂಡಲೇ, ಬದನಿಕೆ ಹಣ್ಣಾಗುವ ಮೊದಲೇ, ಅದು ಹತ್ತಿದ ಗಂಟಿಗಿಂತ ಸುಮಾರು ಒಂದು ಅಡಿ ಕೆಳಗೆ ಕೊಂಬೆಯನ್ನು ಕತ್ತರಿಸಿ, ಗಾಯಕ್ಕೆ ಬೋರ್ಡೊ ಮುಲಾಮು ಹಚ್ಚಬೇಕು. ಎಲೆಗಳನ್ನಷ್ಟೇ ಎಳೆದು ಹಾಕಿದರೆ ಗಂಟಿನಿಂದ ಮತ್ತೆ ಚಿಗುರುತ್ತದೆ. ಒಬ್ಬರ ತೋಪಿನಲ್ಲಿ ಕಡಿದು ಪಕ್ಕದವರ ತೋಪಿನಲ್ಲಿ ಬಿಟ್ಟರೆ ಪ್ರಯೋಜನವಿಲ್ಲ; ಹಕ್ಕಿಗೆ ಸರ್ವೆ ನಂಬರು ಗೊತ್ತಿಲ್ಲ. ಊರಿನವರೆಲ್ಲ ಒಂದೇ ವಾರದಲ್ಲಿ ಈ ಕೆಲಸ ಮಾಡುವುದು ಒಳ್ಳೆಯದು.

ನಾನು ಕಲಿತ ಪಾಠ

ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಬಳಿ ಪದವಿಯ ಪುಸ್ತಕವಿತ್ತು, ಕಣ್ಣಿರಲಿಲ್ಲ. ತೊಗರಿಗೆ ಕಾಯಿಕೊರಕ ಬಿದ್ದ ಒಂದು ಹೊಲಕ್ಕೆ ಮಾನೊಕ್ರೊಟೊಫಾಸ್ ಸಿಂಪಡಿಸಲು ಹೇಳಿದೆ. ಆಗ ಅದು ಎಲ್ಲರೂ ಹೇಳುತ್ತಿದ್ದ ಔಷಧಿ. ಎರಡು ದಿನದ ನಂತರ ಪಕ್ಕದ ಹೊಲದ ಅಜ್ಜಿಯೊಬ್ಬರು ಸೆರಗಿನಲ್ಲಿ ಎರಡು ಸತ್ತ ಕಾಜಾಣಗಳನ್ನು ತಂದು ನನ್ನ ಮುಂದೆ ಇಟ್ಟರು. “ಹುಳ ತಿನ್ನೋವನ್ನೇ ಕೊಂದುಬಿಟ್ಟೆಯಲ್ಲಪ್ಪಾ, ಇನ್ನು ನೀನೇ ಬಂದು ಹುಳ ಆರಿಸ್ತೀಯಾ?” ಎಂದರು. ಅವು ಸತ್ತದ್ದು ಔಷಧಿಯಿಂದಲೇ ಎಂದು ನಾನು ಪರೀಕ್ಷೆ ಮಾಡಿಸಲಿಲ್ಲ. ಆದರೆ ಉತ್ತರ ಕೊಡಲು ನನಗೆ ಬಾಯಿ ಬರಲಿಲ್ಲ.

ಆಮೇಲೆ ಓದಿದಾಗ ತಿಳಿಯಿತು. 1995–96ರ ಸುಮಾರಿಗೆ ಅರ್ಜೆಂಟೀನಾ ದೇಶದಲ್ಲಿ ಮಿಡತೆಗೆಂದು ಇದೇ ಮಾನೊಕ್ರೊಟೊಫಾಸ್ ಹೊಡೆದಾಗ, ಆ ಮಿಡತೆಗಳನ್ನು ತಿನ್ನಲು ಬಂದ ವಲಸೆ ಗಿಡುಗಗಳು ಸಾವಿರಾರು ಸಂಖ್ಯೆಯಲ್ಲಿ ಹೊಲಗಳಲ್ಲೇ ಸತ್ತುಬಿದ್ದವು. ನಮ್ಮ ದೇಶದಲ್ಲಿ 2005ರಲ್ಲಿ ಇದನ್ನು ತರಕಾರಿಗೆ ಬಳಸಬಾರದೆಂದು ಆದೇಶವಾಯಿತು. 2023ರ ಆದೇಶದಲ್ಲಿ ಅದರ 36 ಎಸ್.ಎಲ್. ರೂಪವನ್ನೇ ನಿಷೇಧಿಸಲಾಯಿತು.

ರಣಹದ್ದುಗಳ ಕಥೆ ಇದಕ್ಕಿಂತ ದೊಡ್ಡದು. ಒಂದು ಕಾಲಕ್ಕೆ ಸತ್ತ ದನ ಊರಾಚೆ ಬಿದ್ದರೆ ಗುಂಪಾಗಿ ಇಳಿಯುತ್ತಿದ್ದ ಈ ಹಕ್ಕಿಗಳ ಮೂರು ಜಾತಿಗಳು 1990ರ ದಶಕದಿಂದೀಚೆಗೆ ದೇಶದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಡಿಮೆಯಾದವು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಔಷಧಿ, ಆ ದನದ ಮಾಂಸ ತಿಂದ ರಣಹದ್ದಿನ ಮೂತ್ರಪಿಂಡವನ್ನು ಕೆಡಿಸುತ್ತದೆ ಎಂದು 2004ರಲ್ಲಿ ಖಚಿತವಾಯಿತು. 2006ರಲ್ಲಿ ಭಾರತದಲ್ಲಿ ಪಶುಗಳಿಗೆ ಅದರ ಬಳಕೆಯನ್ನು ನಿಷೇಧಿಸಲಾಯಿತು. 2023ರಲ್ಲಿ ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫೆನಾಕ್ ಔಷಧಿಗಳಿಗೂ ಪಶುಚಿಕಿತ್ಸೆಯಲ್ಲಿ ನಿಷೇಧ ಬಂತು. ರಣಹದ್ದಿಗೆ ಅಪಾಯವಿಲ್ಲದ ಮೆಲಾಕ್ಸಿಕಂ ಔಷಧಿ ಇದೆ. ಮನೆಮನೆಗೆ ಸೀಮೆಹಸು ಇರುವ ನಮ್ಮ ಜಿಲ್ಲೆಯ ಹಾಲು ಉತ್ಪಾದಕರು ಪಶುವೈದ್ಯರನ್ನು ಕೇಳಿ ಇದನ್ನೇ ಬಳಸಬಹುದು.

ಸ್ವಂತ ಕಣ್ಣಿನಿಂದ ನೋಡುವ ಕ್ರಮ

ಇದಕ್ಕೆ ದುರ್ಬೀನು ಇಲ್ಲದಿದ್ದರೂ ನಡೆಯುತ್ತದೆ. ಒಂದು ನೋಟುಪುಸ್ತಕ, ಒಂದು ಪೆನ್ಸಿಲು, ಒಂದು ಗಂಟೆಯ ತಾಳ್ಮೆ ಸಾಕು.

1. ಬೆಳಿಗ್ಗೆ ಆರರಿಂದ ಏಳೂವರೆ, ಸಂಜೆ ಐದರ ನಂತರ ಹಕ್ಕಿಗಳ ಓಡಾಟ ಹೆಚ್ಚು. ಒಂದೇ ಜಾಗದಲ್ಲಿ ಅಲುಗದೆ ಕೂರಬೇಕು.

2. ಹೆಸರು ತಿಳಿಯದಿದ್ದರೆ ಗಾತ್ರ ಬರೆಯಿರಿ: ಗುಬ್ಬಚ್ಚಿಯಷ್ಟೇ, ಗೊರವಂಕದಷ್ಟೇ, ಕಾಗೆಯಷ್ಟೇ? ನಂತರ ಬಣ್ಣ, ಬಾಲ, ಕೊಕ್ಕು. ಗಿಡ್ಡ ದಪ್ಪ ಕೊಕ್ಕು ಕಾಳು ಒಡೆಯುವುದಕ್ಕೆ. ಉದ್ದ ಸಣ್ಣ ಕೊಕ್ಕು ಮಣ್ಣಿನಿಂದ ಹುಳು ತೆಗೆಯುವುದಕ್ಕೆ. ಕೊಕ್ಕೆಯಂತೆ ಬಾಗಿದ್ದು ಮಾಂಸ ಹರಿಯುವುದಕ್ಕೆ. ಗಿಳಿಯ ಕೊಕ್ಕು ಬಾಗಿದ್ದರೂ ಅದು ಹಣ್ಣುಕಾಳಿನ ಹಕ್ಕಿ ಎಂಬುದು ಇದಕ್ಕೆ ಅಪವಾದ.

3. ಎಲ್ಲಿ ಕೂತಿತು, ಬಾಯಲ್ಲಿ ಏನಿತ್ತು ಎಂಬುದು ಹೆಸರಿಗಿಂತ ಮುಖ್ಯ. ತೆನೆಯ ಮೇಲೋ, ನೆಲದ ಮೇಲೋ, ತಂತಿಯ ಮೇಲೋ?

4. ಹಾಳಾದ ಕಾಯಿ, ತೆನೆಗಳನ್ನು ಎಣಿಸಿ, ಹೊಲದ ಅಂಚಿನಲ್ಲಿ ಎಷ್ಟು, ನಡುವಿನಲ್ಲಿ ಎಷ್ಟು ಎಂದು ಬೇರೆ ಬೇರೆ ಬರೆಯಿರಿ.

5. ಉಳುವ ದಿನ, ಬಿತ್ತುವ ದಿನ, ಹೂವಿನ ಕಾಲ, ಕೊಯ್ಲಿನ ಕಾಲ, ಹೀಗೆ ವರ್ಷಕ್ಕೆ ನಾಲ್ಕು ಸಲವಾದರೂ ನೋಡಬೇಕು. ನೇಗಿಲ ಹಿಂದೆ ಗೋವಕ್ಕಿ, ಗೊರವಂಕಗಳು ಗೊಣ್ಣೆ ಹುಳು ಹೆಕ್ಕುವುದನ್ನು ಕಂಡವರು ಅವುಗಳ ಮೇಲೆ ಸುಲಭವಾಗಿ ಕಲ್ಲೆತ್ತುವುದಿಲ್ಲ.

ಮಾಲೂರಿನ ಕಡೆಯವರು ಇನ್ನೊಂದು ಪರೀಕ್ಷೆ ಮಾಡಬಹುದು. ನೀಲಗಿರಿ ತೋಪಿನಲ್ಲಿ ಒಂದು ಗಂಟೆ, ಹೊಂಗೆ, ಬೇವು, ಹುಣಸೆ ಇರುವ ಬದುವಿನಲ್ಲಿ ಒಂದು ಗಂಟೆ ಕೂತು ಹಕ್ಕಿಗಳನ್ನು ಎಣಿಸಿ. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲಿ ನಿಷೇಧಿಸಿದೆ; ಯಾವ ಮರವನ್ನು ನೆಡಬೇಕೆಂಬುದಕ್ಕೆ ನಿಮ್ಮ ಎಣಿಕೆಯೇ ಉತ್ತರ ಹೇಳುತ್ತದೆ. ಕೋಲಾರದ ಸುತ್ತಿನವರಿಗೆ ಕೆರೆಗಳಿವೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಲಕ್ಷ್ಮೀಸಾಗರ ಕೆರೆಯಿಂದ ಮೊದಲುಗೊಂಡು ಒಣಗಿದ್ದ ಕೆರೆಗಳಿಗೆ ಹರಿಯಿತು. ಆ ನೀರಿನ ಗುಣದ ಬಗ್ಗೆ ಚರ್ಚೆ ನಡೆದೇ ಇದೆ. ಯಾವ ಕೆರೆಗೆ ಯಾವ ನೀರುಹಕ್ಕಿ ಬರುತ್ತದೆ, ಯಾವುದು ಬರುವುದು ನಿಲ್ಲಿಸಿತು ಎಂದು ಊರಿನ ಶಾಲಾ ಮಕ್ಕಳು ವರ್ಷ ವರ್ಷ ಬರೆದಿಟ್ಟರೆ ಮುಂದೆ ಅದು ಬೆಲೆಯುಳ್ಳ ದಾಖಲೆಯಾಗುತ್ತದೆ. ನಂದಿಬೆಟ್ಟವೂ ಸೇರಿದಂತೆ ನಮ್ಮ ಸೀಮೆಯ ಬಂಡೆಬೆಟ್ಟಗಳ ಕುರುಚಲಿನಲ್ಲಿ ಹಳದಿಕೊರಳಿನ ಪಿಕಳಾರವಿದೆ. ಅದು ದಕ್ಷಿಣ ಭಾರತ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ.

ಹೊಲದಲ್ಲಿ ಕೈಗೊಳ್ಳಬೇಕಾದ ಕ್ರಮ

ತೊಗರಿ, ಕಡಲೆ, ಅವರೆಗೆ ಎಕರೆಗೆ 20ರಂತೆ ಹಕ್ಕಿ ಕೂರುವ ಕವೆಗೋಲುಗಳನ್ನು ಬೆಳೆಗಿಂತ ಸ್ವಲ್ಪ ಎತ್ತರಕ್ಕೆ ನೆಡಿ. ಮೊದಲ ದಿನಗಳಲ್ಲಿ ಸಾಲುಗಳ ನಡುವೆ ಒಂದಿಷ್ಟು ಪುರಿ ಎರಚಿದರೆ ಹಕ್ಕಿಗಳು ಇಳಿಯುವುದನ್ನು ಕಲಿಯುತ್ತವೆ. ಕಾಳು ಬಲಿತ ಮೇಲೆ ಕವೆಗೋಲು ಕಿತ್ತುಬಿಡಿ. ಇಲ್ಲವಾದರೆ ಗಿಳಿಗೆ ಪೀಠ ಹಾಕಿಕೊಟ್ಟಂತಾಗುತ್ತದೆ.

ಟೊಮೇಟೊ ಕಾಯಿಕೊರಕಕ್ಕೆ 16 ಸಾಲಿಗೆ ಒಂದು ಸಾಲು ಚೆಂಡುಹೂ ಹಾಕಿ, ಮೋಹಕ ಬಲೆ ಕಟ್ಟಿ, ಮರಿಹುಳು ಕಂಡಾಗ ಎಕರೆಗೆ 100 ಎಲ್.ಇ. ಪ್ರಮಾಣದಲ್ಲಿ ಎನ್‌ಪಿವಿ ದ್ರಾವಣವನ್ನು ಸಂಜೆ ಸಿಂಪಡಿಸಬೇಕು. ಇದರಿಂದ ಹಕ್ಕಿಗೆ ತೊಂದರೆಯಿಲ್ಲ.

ಹಕ್ಕಿಯಿಂದಲೇ ನಷ್ಟ ಎಂದು ಖಚಿತವಾದರೆ ಆ ಸಾಲುಗಳ ಮೇಲೆ ಹೊಳೆಯುವ ರಿಬ್ಬನ್ ಕಟ್ಟಿ. ಹಕ್ಕಿಗೆ ರೂಢಿಯಾಗದಂತೆ ಬೆದರುಬೊಂಬೆ, ಸದ್ದು, ರಿಬ್ಬನ್ ಇವನ್ನು ಬದಲಿಸುತ್ತಿರಬೇಕು. ಬಲೆ ಹಾಕುವವರು ಬಿಗಿಯಾಗಿ ಎಳೆದು ಕಟ್ಟಿ, ದಿನವೂ ನೋಡಿ, ಸಿಕ್ಕಿಕೊಂಡದ್ದನ್ನು ಬಿಡಿಸಬೇಕು. ವಿಷ ಮಾತ್ರ ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ರಕ್ಷಿತ ಹಕ್ಕಿಗಳನ್ನು ಕೊಲ್ಲುವುದು ಅಪರಾಧ. ಅದಕ್ಕೂ ಮಿಗಿಲಾಗಿ, ಬದುವಿನ ಮೇಲೆ ಎರಚಿದ ನುಚ್ಚನ್ನು ಮನೆಯ ಕೋಳಿಯೂ ತಿನ್ನುತ್ತದೆ.

ಮೊದಲು ಹೇಳಿದ ಯಜಮಾನರ ವಿಷಯಕ್ಕೆ ಬರೋಣ. ಆ ಹರಳು ಔಷಧಿಯನ್ನು ಅವರು ನುಚ್ಚಿಗೆ ಬೆರೆಸಲಿಲ್ಲ. ಬೇಲಿಯ ಪಕ್ಕದ ಎರಡು ಸಾಲಿಗೆ ರಿಬ್ಬನ್ ಕಟ್ಟಿದರು, ಉಳಿದದ್ದಕ್ಕೆ ಹುಳುವಿನ ಕ್ರಮ ಕೈಗೊಂಡರು. ಆ ಬೆಳೆಯಲ್ಲಿ ನಷ್ಟ ಪೂರ್ತಿ ತಪ್ಪಲಿಲ್ಲ, ತಡವಾಗಿತ್ತು. ಮುಂದಿನ ನಾಟಿಗೆ ಚೆಂಡುಹೂವನ್ನು ಮೊದಲೇ ಹಾಕಿದರು. ಈಚೆಗೆ ಸಿಕ್ಕಿದಾಗ ಜೇಬಿನಿಂದ ಸಣ್ಣ ಪುಸ್ತಕವೊಂದನ್ನು ತೆಗೆದು, “ಸಾರ್, ತಲೆ ಮೇಲೆ ಜುಟ್ಟು, ಉದ್ದ ಕೊಕ್ಕು, ನೆಲ ಚುಚ್ಚಿ ಚುಚ್ಚಿ ಹುಳ ತೆಗೀತದೆ. ಇದು ಯಾವ ಹಕ್ಕಿ?” ಎಂದು ಕೇಳಿದರು. ಚಂದ್ರಮುಕುಟ ಎಂದೆ. ಅವರು ಅಲ್ಲೇ ನಿಂತು ಹೆಸರನ್ನು ಬರೆದುಕೊಂಡರು.